7ನೇ ನಂಬರೋ, 11ನೇ ನಂಬರೋ

ಪುಟ್ಟಿ,

ನಿನ್ನೆ ರಾತ್ರಿ ನೀನು ಕೇಳಿದ್ದಕ್ಕೆ "ನಾಳೆ ಹೇಳ್ತೀನಿ" ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ನಿದ್ದೆಯೇ ಬರಲಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಮೂರು ಮಾತಾಡಿರ್ತೀಯ.

ನಿಮ್ಮ ಬಾಸ್ಕೆಟ್‌ಬಾಲ್ ತಂಡದ ಕೋಚ್ ಈ ಸಲ "ಅತಿ ಹೆಚ್ಚು ಸುಧಾರಿಸಿದ ಆಟಗಾರ್ತಿ" ಹೆಸರು ಆರಿಸುವ ಕೆಲಸವನ್ನು ಕ್ಯಾಪ್ಟನ್ ಅಂತ ನಿನಗೇ ಬಿಟ್ಟಿದ್ದಾರೆ. 7ನೇ ನಂಬರಿನ ಹುಡುಗಿ ಹೋದ ವರ್ಷ ಪಂದ್ಯಕ್ಕೆ 4 ಪಾಯಿಂಟ್ ಹಾಕುತ್ತಿದ್ದಳು, ಈಗ 12. 11ನೇ ನಂಬರಿನವಳದು 3 ಇದ್ದದ್ದು 5 ಆಗಿದೆ, ಅಷ್ಟೇ. "ಲೆಕ್ಕ ನೋಡಿದರೆ ಕೇಳೋದೇ ಬೇಡ ಅಮ್ಮ, ಆದರೂ ಮನಸ್ಸು ಒಪ್ತಿಲ್ಲ" ಅಂದೆ. ಮನಸ್ಸು ಯಾಕೆ ಒಪ್ಪುತ್ತಿಲ್ಲ ಅಂತ ಕಂಡುಹಿಡಿಯೋಣ.

ಇದು ನಿನ್ನೊಬ್ಬಳ ಕಷ್ಟವಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದಲ್ಲಿ ಈ ಪ್ರಶಸ್ತಿ ಶುರುವಾದದ್ದು 1985-86ರಲ್ಲಿ. ಅಂದಿನಿಂದ ಪ್ರತಿ ವರ್ಷ ಇದರ ಮೇಲೆ ನಡೆಯುವ ಜಗಳ ಬೇರೆ ಯಾವ ಪ್ರಶಸ್ತಿಗೂ ನಡೆಯುವುದಿಲ್ಲ. ಯಾರು ಹೆಚ್ಚು ಒಳ್ಳೆಯ ಆಟಗಾರ ಅಂದರೆ ಹೇಗೋ ಹೇಳಬಹುದು. ಯಾರು ಹೆಚ್ಚು ಸುಧಾರಿಸಿದ ಅಂದರೆ, ಎಲ್ಲಿಂದ ಅಳೆಯುವುದು? ಮತ ಹಾಕುವ ಪತ್ರಕರ್ತರು ಒಬ್ಬೊಬ್ಬರೂ ಒಂದೊಂದು ಅಳತೆಪಟ್ಟಿ ಹಿಡಿದು ಕೂತಿರುತ್ತಾರೆ.

ಮೊದಲು ನಿನ್ನ 7ನೇ ನಂಬರಿನ ವಿಷಯ. ಪೋರ್ಟ್‌ಲ್ಯಾಂಡಿನ ಸಿಜೆ ಮೆಕಾಲಮ್ 2014-15ರಲ್ಲಿ ಪಂದ್ಯಕ್ಕೆ 6.8 ಪಾಯಿಂಟ್ ಹಾಕುತ್ತಿದ್ದ, ಮರುವರ್ಷ 20.8. ಮೂರು ಪಟ್ಟು! ಪ್ರಶಸ್ತಿ ಅವನಿಗೇ ಬಂತು. ಆದರೆ ಆ ಎರಡು ಋತುಗಳ ನಡುವಿನ ಬೇಸಿಗೆಯಲ್ಲಿ ತಂಡದ ಮೊದಲ ಐವರಲ್ಲಿ ನಾಲ್ವರು ಬಿಟ್ಟುಹೋಗಿದ್ದರು. ಪಂದ್ಯಕ್ಕೆ 15.7 ನಿಮಿಷ ಆಡುತ್ತಿದ್ದವನಿಗೆ 34.8 ನಿಮಿಷ ಸಿಕ್ಕಿತು. ನಾನು ಕ್ಯಾಲ್ಕುಲೇಟರ್ ತೆಗೆದು ಕೂತೆ (ನಿನ್ನಪ್ಪ ಕರೆಂಟ್ ಬಿಲ್ ನೋಡ್ತಿದ್ದಾಳೆ ಅಂದುಕೊಂಡರು). 36 ನಿಮಿಷಕ್ಕೆ ಎಷ್ಟು ಅಂತ ಲೆಕ್ಕ ಹಾಕಿದರೆ ಮೊದಲು ಸುಮಾರು 15.6, ಆಮೇಲೆ 21.5. ಹುಡುಗ ಬೆಳೆದದ್ದು ಸುಳ್ಳಲ್ಲ. ಆದರೆ ಮೂರು ಪಟ್ಟು ಅನ್ನುವುದರಲ್ಲಿ ದೊಡ್ಡ ಪಾಲು ಗಡಿಯಾರದ್ದು.

ನಿನ್ನ ತಂಡದಲ್ಲೂ ಇಬ್ಬರು ಸೀನಿಯರ್‌ಗಳು ಹೋದರಲ್ಲ? ನನ್ನ ಸ್ಕೋರ್ ಪುಸ್ತಕದ ಪ್ರಕಾರ 7ನೇ ನಂಬರಿನವಳು ಹೋದ ವರ್ಷ ಆಡಿದ್ದು ಪಂದ್ಯಕ್ಕೆ ಹೆಚ್ಚುಕಮ್ಮಿ 9 ನಿಮಿಷ. ಈಗ 27 ನಿಮಿಷ ಆಡುತ್ತಿದ್ದರೆ, 4 ಹೋಗಿ 12 ಆದದ್ದರಲ್ಲಿ ಆಶ್ಚರ್ಯವೇನಿದೆ?

ಹೀಗಂದ ಮಾತ್ರಕ್ಕೆ ಅವಳನ್ನು ತಳ್ಳಿಹಾಕಬೇಡ. ಕೊನೆಯ 9 ನಿಮಿಷ ಸುಸ್ತಾದವರ ಎದುರು ಆಡುವುದು ಬೇರೆ, ಎದುರಾಳಿಯ ಮೊದಲ ಐವರ ಮುಂದೆ 27 ನಿಮಿಷ ನಿಲ್ಲುವುದು ಬೇರೆ. ಫಿಲಡೆಲ್ಫಿಯಾದ ಟೈರೀಸ್ ಮ್ಯಾಕ್ಸಿಯನ್ನು ನೋಡು. 2023-24ರ ಋತು ಶುರುವಾದ ಕೆಲವೇ ದಿನಕ್ಕೆ ಜೇಮ್ಸ್ ಹಾರ್ಡನ್ ತಂಡ ಬಿಟ್ಟ, ಚೆಂಡು ಮ್ಯಾಕ್ಸಿಯ ಕೈಗೆ ಬಂತು. ಪಾಯಿಂಟ್ 20.3ರಿಂದ 25.9ಕ್ಕೆ ಏರಿತು, ಅದು ಎಲ್ಲರ ಕಣ್ಣಿಗೂ ಬಿತ್ತು. ನನಗೆ ಹಿಡಿಸಿದ್ದು ಇನ್ನೊಂದು: ಪಂದ್ಯವಿಡೀ ಚೆಂಡು ಅವನ ಹತ್ತಿರವೇ, 6.2 ಅಸಿಸ್ಟ್ (ಜೊತೆಯವರ ಬುಟ್ಟಿಗೆ ದಾರಿಯಾದ ಪಾಸ್), ಚೆಂಡು ಕಳೆದುಕೊಂಡದ್ದು ಬರೀ 1.7 ಸಲ. ಅವಕಾಶ ಮೇಲಿಂದ ಬಿದ್ದರೂ ಹಿಡಿದುಕೊಳ್ಳುವುದಕ್ಕೆ ಕೈ ಬೇಕಲ್ಲ. ಹಾಗಾಗಿ 7ನೇ ನಂಬರಿನವಳ ಪಾಯಿಂಟ್ ಪಕ್ಕಕ್ಕಿಡು, ಅವಳು ಚೆಂಡು ಎಷ್ಟು ಸಲ ಬಿಟ್ಟುಕೊಟ್ಟಳು ಅಂತ ಎಣಿಸು.

ನಾಯಕಿಗೆ ಇನ್ನೊಂದು ಗುಂಡಿಯೂ ಇದೆ, ಬೀಳಬೇಡ: ಬೆಳೆಯಲೇಬೇಕಾಗಿದ್ದವರು ಬೆಳೆದದ್ದಕ್ಕೆ ಬಹುಮಾನ ಕೊಡುವುದು. ಜಾ ಮೊರಾಂಟ್ 2019ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಲ್ಲಿ) ಎರಡನೆಯವನಾಗಿ ಆಯ್ಕೆಯಾದವನು, ಮೊದಲ ವರ್ಷವೇ ಶ್ರೇಷ್ಠ ಹೊಸಬ. 2022ರಲ್ಲಿ ಸುಧಾರಿಸಿದವನ ಪ್ರಶಸ್ತಿಯೂ ಅವನಿಗೇ. ಅವನು ಏನು ಮಾಡಿದ ಗೊತ್ತಾ? ಆ ಟ್ರೋಫಿ ತೆಗೆದುಕೊಂಡು ಹೋಗಿ ಅದೇ ತಂಡದ ಡೆಸ್ಮಂಡ್ ಬೇನ್‌ಗೆ ಕೊಟ್ಟ. ಬೇನ್ 30ನೆಯವನಾಗಿ ಆಯ್ಕೆಯಾದ ಹುಡುಗ, ಆ ವರ್ಷ 9.2ರಿಂದ 18.2ಕ್ಕೆ ಹೋಗಿದ್ದ. ಜೊತೆಗೆ ಆಡಿದವರಿಗೆ ಗೊತ್ತಿರುತ್ತದೆ. ನಿನ್ನ ಕೋಚ್ ಈ ಕೆಲಸ ನಿನಗೆ ಬಿಟ್ಟದ್ದು ಅದಕ್ಕೇ ಇರಬೇಕು. ಸೋಮಾರಿತನವೂ ಇರಬಹುದು, ಇರಲಿ.

ಇದೇ ಕಾರಣಕ್ಕೆ ನಮ್ಮಿಬ್ಬರಿಗೂ 2025ರಲ್ಲಿ ಜಗಳ ಆಗಿತ್ತಲ್ಲ? ನೀನು ಕೇಡ್ ಕನಿಂಗ್‌ಹ್ಯಾಮ್ ಪರ. 14 ಪಂದ್ಯ ಗೆದ್ದ ಡೆಟ್ರಾಯಿಟ್ ಮರುವರ್ಷ 44 ಗೆದ್ದಿತು, ಇನ್ನೇನು ಬೇಕು ಅಂತ ಬಾಗಿಲು ಬಡಿದುಕೊಂಡು ಹೋಗಿದ್ದೆ. ಈಗಲೂ ನಾನು ಡೈಸನ್ ಡೇನಿಯಲ್ಸ್ ಪರವೇ. ಕನಿಂಗ್‌ಹ್ಯಾಮ್ 2021ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು. ಅವನು 22.7ರಿಂದ 26.1ಕ್ಕೆ ಹೋದದ್ದು ದೊಡ್ಡ ಆಟವೇ, ಆದರೆ ಅವನಿಂದ ಊರೆಲ್ಲ ಕಾಯುತ್ತಿದ್ದದ್ದೂ ಅದನ್ನೇ. ಡೇನಿಯಲ್ಸ್‌ನನ್ನು ನ್ಯೂ ಆರ್ಲಿಯನ್ಸ್ ಒಂದು ವಿನಿಮಯದಲ್ಲಿ ಅಟ್ಲಾಂಟಾಕ್ಕೆ ಕೊಟ್ಟಿತ್ತು, ಆ ವಿನಿಮಯದ ದೊಡ್ಡ ಹೆಸರು ಡಿಜಾಂಟೆ ಮರ್ರೆ. ಅವನನ್ನು ಪಡೆಯಲು ನ್ಯೂ ಆರ್ಲಿಯನ್ಸ್ ಬದಲಿಗೆ ಕೊಟ್ಟದ್ದರಲ್ಲಿ ಈ ಹುಡುಗನೂ ಒಬ್ಬ. ಹೋಗಿ ಮಾಡಿದ್ದು ಪಂದ್ಯಕ್ಕೆ 3 ಸ್ಟೀಲ್ (ಎದುರಾಳಿಯಿಂದ ಚೆಂಡು ಕದಿಯುವುದು), ಋತುವಿನಲ್ಲಿ ಒಟ್ಟು 229.

ಅವನು ಚೆಂಡು ಕದಿಯುವುದನ್ನು ನೀನು ನಿಧಾನಗತಿಯಲ್ಲಿ ಇನ್ನೊಮ್ಮೆ ನೋಡು. ಎಲ್ಲರೂ ಚೆಂಡಿನ ಮೇಲೆ ಹಾರಿಬೀಳುತ್ತಾರೆ. ಅವನು ಸುಮ್ಮನೆ ಪಕ್ಕದಲ್ಲೇ ಜಾರಿಕೊಂಡು ಬರುತ್ತಾನೆ, ಒಂದು ಹೆಜ್ಜೆ ಹಿಂದೆ ಬಿದ್ದ ಹಾಗೆ ಕಾಣುತ್ತಾನೆ. ಡ್ರಿಬಲ್ ಮಾಡುವವನು ದಾಟಿದೆ ಅಂದುಕೊಂಡು ಸಮಾಧಾನವಾಗುವ ಹೊತ್ತಿಗೆ ಹಿಂದಿನಿಂದ ಸೊಂಟದ ಪಕ್ಕ ಉದ್ದನೆಯ ಕೈಯೊಂದು ಬಂದು ಚೆಂಡಿನ ತಳ ತಟ್ಟಿರುತ್ತದೆ. ಗಡಿಯಾರ ಉದ್ದವಾಯಿತು ಅಂತ ಈ ವಿದ್ಯೆ ಬರುವುದಿಲ್ಲ. ಹೌದು, ಅವನಿಗೂ ನಿಮಿಷ ಹೆಚ್ಚಿತ್ತು, 22.3 ಇದ್ದದ್ದು 33.8, ಅದನ್ನೂ ಕಳೆದು ನೋಡಿದೆ. 36 ನಿಮಿಷಕ್ಕೆ ಸುಮಾರು 2.3 ಇದ್ದ ಸ್ಟೀಲ್ 3.2 ಆಗಿದೆ. ಪಂದ್ಯಕ್ಕೆ 3 ಸ್ಟೀಲ್ ಅಷ್ಟು ಸುಲಭದ ಮಾತಲ್ಲ. ಅವನಿಗೆ ಮುಂಚೆ ಅದನ್ನು ಕೊನೆಗೆ ಮುಟ್ಟಿದವನು 1990-91ರ ಆಲ್ವಿನ್ ರಾಬರ್ಟ್‌ಸನ್. ಈ ಪ್ರಶಸ್ತಿಯನ್ನು ಮೊಟ್ಟಮೊದಲು ಗೆದ್ದವನು ಯಾರು ಹೇಳು? ಅದೇ ರಾಬರ್ಟ್‌ಸನ್! ಗೆದ್ದ ವರ್ಷ ಅವನು ಕದ್ದದ್ದು 301. ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಪ್ರಶಸ್ತಿಯ ಮೊದಲ ಹೆಸರೇ ಕಳ್ಳನದು ಅಂದಮೇಲೆ, ಪಾಯಿಂಟ್ ಕಾಲಂ ಒಂದನ್ನೇ ಯಾಕೆ ನೋಡಬೇಕು?

ನನ್ನನ್ನು ಕೇಳಿದರೆ ಪ್ರಶ್ನೆ ಇರುವುದು ಇಷ್ಟೇ: ಹೋದ ವರ್ಷ ಮಾಡಲು ಬಾರದ ಯಾವ ಕೆಲಸ ಈ ವರ್ಷ ಬರುತ್ತದೆ? ಬ್ರ್ಯಾಂಡನ್ ಇಂಗ್ರಮ್ ವಿಷಯದಲ್ಲಿ ಇದಕ್ಕೆ ನೇರ ಉತ್ತರ ಸಿಗುತ್ತದೆ. 2019ರಲ್ಲಿ ಬಲತೋಳಿನಲ್ಲಿ ರಕ್ತ ಹೆಪ್ಪುಗಟ್ಟಿ ಅವನ ಋತು ಅರ್ಧಕ್ಕೇ ನಿಂತಿತು, ಆಮೇಲೆ ತಂಡವೂ ಬದಲಾಯಿತು. ಆ ತೋಳು ಹೊತ್ತು ಬಂದವನು ಮರುವರ್ಷ ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಎಸೆತ) 67.5 ಶೇಕಡಾದಿಂದ 85.1ಕ್ಕೆ ಏರಿಸಿದ. ಫ್ರೀ ಥ್ರೋಗೆ ಯಾರೂ ಅಡ್ಡ ಬರುವುದಿಲ್ಲ, ಯಾರೂ ಪಾಸ್ ಕೊಡುವುದಿಲ್ಲ. ಅಲ್ಲಿ ಏರಿದ ಅಂಕಿ ಪೂರ್ತಿ ಅವನದೇ. ಜೂಲಿಯಸ್ ರ್‍ಯಾಂಡಲ್ ಕಥೆ ಉಲ್ಟಾ. 2020-21ರಲ್ಲಿ, ಬಹುಪಾಲು ಖಾಲಿ ಗ್ಯಾಲರಿಗಳ ಮುಂದೆ, ಮೂರು ಪಾಯಿಂಟಿನ ಎಸೆತ 27.7ರಿಂದ 41.1 ಶೇಕಡಾ ಆಯಿತು, ಪ್ರಶಸ್ತಿ ಬಂತು; ಮರುವರ್ಷ 30.8ಕ್ಕೆ ಇಳಿಯಿತು. ಕೊಟ್ಟದ್ದು ತಪ್ಪು ಅನ್ನುತ್ತಿಲ್ಲ, ಆ ವರ್ಷ ಅವನು ಆಡಿದ್ದು ಆಡಿದ್ದೇ. ಆದರೆ ಎಸೆತ ಕೆಲವು ಸಲ ಬಾಡಿಗೆಗೆ ಬಂದಿರುತ್ತದೆ.

ಹೆಣ್ಣುಮಕ್ಕಳ ಲೀಗಿನ ಒಂದು ಹೆಸರು ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಡಬ್ಲ್ಯುಎನ್‌ಬಿಎದಲ್ಲಿ ಲೈಲಾನಿ ಮಿಚೆಲ್ ಅಂತ ಐದೂವರೆ ಅಡಿಯೂ ಇಲ್ಲದ ಗಾರ್ಡ್ ಇದ್ದಳು. ಈ ಪ್ರಶಸ್ತಿ ಅವಳಿಗೆ ಎರಡು ಸಲ ಬಂತು. 2010ರಲ್ಲಿ ಒಮ್ಮೆ, ಮತ್ತೆ 2019ರಲ್ಲಿ, 34 ವರ್ಷಕ್ಕೆ! ಎರಡು ಸಲ ಸುಧಾರಿಸಬೇಕಾದರೆ ನಡುವೆ ಎಲ್ಲೋ ಇಳಿದಿರಬೇಕು ತಾನೇ. ಆ ಒಂಬತ್ತು ವರ್ಷ ಅವಳು ಬೆಳಗ್ಗೆ ಎದ್ದು ಪ್ರಾಕ್ಟೀಸಿಗೆ ಹೋಗುವಾಗ ಏನಂದುಕೊಳ್ಳುತ್ತಿದ್ದಳೋ ಅಂತ ನನಗೆ ಬಹಳ ಸಲ ಅನ್ನಿಸಿದೆ. ಬೆಟ್ನಿಜಾ ಲೇನಿಯನ್ನು 2020ರ ಋತು ಶುರುವಾಗುವ ಮೊದಲೇ ಇಂಡಿಯಾನಾ ಕೈಬಿಟ್ಟಿತು, ಅಟ್ಲಾಂಟಾ ಕರೆದುಕೊಂಡಿತು. 5.6 ಪಾಯಿಂಟಿನವಳು 17.2 ಹಾಕಿ ಪ್ರಶಸ್ತಿ ತೆಗೆದುಕೊಂಡಳು.

ಈಗ 11ನೇ ನಂಬರಿನವಳು. ಹೋದ ತಿಂಗಳ ಪಂದ್ಯಕ್ಕೆ ಬಂದಾಗ ನಾನು ನಿನ್ನನ್ನು ನೋಡಿದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು, ಬೇಜಾರು ಮಾಡ್ಕೋಬೇಡ. ಹೋದ ವರ್ಷ ಅವಳು ಬುಟ್ಟಿಯ ಎಡಗಡೆ ಬಂದರೂ ಚೆಂಡನ್ನು ಬಲಗೈಗೇ ತಂದುಕೊಳ್ಳುತ್ತಿದ್ದಳು, ಅಷ್ಟರಲ್ಲಿ ಎದುರಿನವರ ಕೈ ಬಂದುಬಿಡುತ್ತಿತ್ತು. ಮೊನ್ನೆ ಮೂರನೇ ಕ್ವಾರ್ಟರಿನಲ್ಲಿ ಎಡಗಡೆಯಿಂದ ನುಗ್ಗಿದವಳು ಬಲಗಾಲ ಮೇಲೆ ಎದ್ದು ಎಡಗೈಯಲ್ಲೇ ಲೇ-ಅಪ್ ಎತ್ತಿದಳು. ಚೆಂಡು ಬೋರ್ಡಿಗೆ ತಾಗಿ ರಿಮ್ ಸುತ್ತಿ ಹೊರಗೆ ಬಿತ್ತು. ಸ್ಕೋರ್ ಪುಸ್ತಕದಲ್ಲಿ ಅದಕ್ಕೆ ಸೊನ್ನೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ದಾರಿ, ಅದೇ ಕೈ. ಆ ಸಲ ಒಳಗೆ ಹೋಯಿತು. ಬೆಂಚಿನಲ್ಲಿ ಎದ್ದು ಕೂಗಿದವಳು ನೀನೇ.

ಭಾನುವಾರದೊಳಗೆ ಹೆಸರು ಕೊಡಬೇಕು ಅಂದೆಯಲ್ಲ. ಹೋದ ವರ್ಷದ ಪುಟಗಳ ಫೋಟೋ ತೆಗೆದು ಇವತ್ತು ಸಂಜೆ ಕಳಿಸ್ತೀನಿ. 7ನೇ ನಂಬರಿನವಳ ನಿಮಿಷ, ಕಳೆದುಕೊಂಡ ಚೆಂಡು ಎರಡನ್ನೂ ನೀನೇ ಎಣಿಸು, ಅವಳಿಗೂ ನ್ಯಾಯವಾಗಲಿ. ಎಣಿಸಿದ ಮೇಲೂ ನಿನಗೆ ಅವಳೇ ಸರಿ ಅನ್ನಿಸಿದರೆ ಅವಳ ಹೆಸರೇ ಬರಿ, ನಾನು ಒಂದೇ ದಿನ ಮುನಿಸಿಕೊಂಡಿರ್ತೀನಿ. ನನ್ನ ಮತ 11ಕ್ಕೆ.

ಇಂತಿ ನಿನ್ನ
ಅಮ್ಮ