ಗಣಕ ರಸಾಯನಶಾಸ್ತ್ರ ಕೊಠಡಿಗೆ ದೇಣಿಗೆ ಮನವಿ

ಮಾನ್ಯ ದಾನಿಗಳೇ, ಹಳೆಯ ವಿದ್ಯಾರ್ಥಿಗಳೇ,

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ರಸಾಯನ ವಿಜ್ಞಾನಿ ಪ್ರೊ. ಇ. ಡಿ. ಜೆಮ್ಮಿಸ್ ಅವರಿಗೆ 2026ರ ಅಕ್ಟೋಬರ್‌ನಲ್ಲಿ 75 ತುಂಬುತ್ತದೆ. ಅವರ ಸಾಧನೆಯ ಗೌರವಾರ್ಥ ನಮ್ಮ ಕಾಲೇಜಿನಲ್ಲಿ ಸಿದ್ಧವಾಗುತ್ತಿದ್ದ, ಅಣುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಲಿಯುವ ಕೊಠಡಿಯ ಚಾವಣಿ ಶೀಟು ಮಳೆಗೆ ಸೋರಿ, ಯುಪಿಎಸ್ ಬ್ಯಾಟರಿಗಳು ಕೆಟ್ಟಿವೆ.

ಜೆಮ್ಮಿಸ್ ಅವರಿಗೆ 1994ರಲ್ಲಿ ಭಟ್ನಾಗರ್ ಪ್ರಶಸ್ತಿ, 2014ರಲ್ಲಿ ಪದ್ಮಶ್ರೀ ಸಂದವು. ನಮಗೆ ಅದಕ್ಕಿಂತ ದೊಡ್ಡದು 2001ರಲ್ಲಿ ಅವರು ಶಿಷ್ಯರೊಡನೆ ಪ್ರಕಟಿಸಿದ ಎಂಎನ್‌ಓ ನಿಯಮ. ಬೋರಾನ್ ಪರಮಾಣುಗಳು ಸೇರಿ ಆದ ಒಂಟಿ ಗೂಡು ಸ್ಥಿರವಾಗಿರಲು ಎಷ್ಟು ಎಲೆಕ್ಟ್ರಾನ್ ಜೋಡಿ ಬೇಕೆಂದು ಮೊದಲಿನ ವೇಡ್ ನಿಯಮ ಹೇಳುತ್ತಿತ್ತು; ಗೂಡುಗಳು ಬೆಸೆದುಕೊಂಡಾಗ ಅದು ಸಾಲುತ್ತಿರಲಿಲ್ಲ. ಹೊಸ ನಿಯಮದಂತೆ ಗೂಡುಗಳು (ಎಂ), ಶೃಂಗಗಳು ಅಂದರೆ ಪರಮಾಣು ಕೂರುವ ಮೂಲೆಗಳು (ಎನ್), ಒಂದೇ ಪರಮಾಣುವಿನಲ್ಲಿ ಗೂಡುಗಳು ಕೂಡುವ ಜಾಗಗಳು (ಓ), ಖಾಲಿ ಬಿಟ್ಟ ಶೃಂಗಗಳು, ಇವುಗಳ ಸಂಖ್ಯೆಗಳನ್ನು ಕೂಡಿದರೆ ಬೇಕಾದ ಜೋಡಿಗಳ ಸಂಖ್ಯೆ ಸಿಗುತ್ತದೆ. ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣ ಕೂತ ಫೆರೋಸೀನ್ ನೋಡಿ: ಇದೇ ಕ್ರಮದಲ್ಲಿ 2, 11, 1, 2, ಒಟ್ಟು 16 ಜೋಡಿ. ಹತ್ತು ಸಿಎಚ್ (ಇಂಗಾಲ-ಹೈಡ್ರೋಜನ್) ಗುಂಪುಗಳಿಂದ 30 ಎಲೆಕ್ಟ್ರಾನ್, ಕಬ್ಬಿಣದಿಂದ 2, ಅಂದರೆ 16 ಜೋಡಿ, ಲೆಕ್ಕ ಸರಿ. ನಾಲ್ಕು ಪರಮಾಣು ಹಂಚಿಕೊಂಡ ಎರಡು ಗೂಡುಗಳ, ಬೋರಾನ್-ಹೈಡ್ರೋಜನ್ ಸಂಯುಕ್ತವಾದ ಬೋರೇನ್‌ನಲ್ಲಿ 20 ಬೋರಾನ್, 16 ಹೈಡ್ರೋಜನ್. ಬೇಕಾದದ್ದು 22 ಜೋಡಿ, ಇರುವುದೂ 44 ಎಲೆಕ್ಟ್ರಾನ್! ಹಾಳೆ, ಪೆನ್ಸಿಲ್ ಇದ್ದರೆ ಪಿಯುಸಿ ಮಕ್ಕಳೂ ಇದನ್ನು ಮಾಡಬಲ್ಲರು.

ಆದರೆ ಗಣಕದಲ್ಲಿ ಪರೀಕ್ಷಿಸಲು ಕರೆಂಟು ನಿಲ್ಲಬಾರದು. ಅಣುವಿನ ಆಕಾರ ಹುಡುಕುವ ಲೆಕ್ಕದ ಓಟ ಮುಗಿದ ಮೇಲೆ ಕಂಪನ ಆವರ್ತಗಳನ್ನೂ ಲೆಕ್ಕ ಹಾಕಲೇಬೇಕು. ಒಂದಾದರೂ ಋಣ ಸಂಖ್ಯೆಯಾಗಿ ಬಂದರೆ ಸಿಕ್ಕಿದ್ದು ಸ್ಥಿರ ಆಕಾರವಲ್ಲ. ಈ ಎರಡನೆಯ ಓಟವೂ ದೀರ್ಘ. ನಡುವೆ ಕರೆಂಟು ಹೋದರೆ ತಾತ್ಕಾಲಿಕ ಕಡತ ಅರ್ಧಕ್ಕೆ ನಿಂತು, ಹಲವು ಬಾರಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹಳ್ಳಿಯ ಮಕ್ಕಳೇ ಇಲ್ಲಿ ಹೆಚ್ಚು. ಬೇರೆ ದಾರಿ ಅವರಿಗಿಲ್ಲ.

ತಂತ್ರಾಂಶ ಉಚಿತ, ಅದಕ್ಕೆ ಹಣ ಬೇಡ. ಶೀಟು ಮತ್ತು ಮರದ ರಿಪೇರಿಗೆ ಸುಮಾರು ಒಂದು ಲಕ್ಷ, ಬ್ಯಾಟರಿಗಳಿಗೆ ನಲವತ್ತು ಸಾವಿರ, ಗೂಡುಗಳ ಮಾದರಿಗೆ ಇಪ್ಪತ್ತು ಸಾವಿರದಷ್ಟು ಬೇಕು. ಒಂದು ಗೂಡಿಗೆ 12 ಮರದ ಗುಂಡು, 30 ಕಡ್ಡಿ. ತೂತಿನ ಕೋನ ಸ್ವಲ್ಪ ತಪ್ಪಿದರೂ ಕೊನೆಯ ಗುಂಡು ಕೂರುವುದಿಲ್ಲ, ಹಾಗಾಗಿ ಇದನ್ನು ಅನುಭವಿ ಬಡಗಿಯಿಂದಲೇ ಮಾಡಿಸುತ್ತೇವೆ. 16 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್ ಇದ್ದರೂ ಕೊಡಿ.

ಶೀಟು ಹಾಕಿಸದೆ ಬ್ಯಾಟರಿ ತರುವಂತಿಲ್ಲವಾದ್ದರಿಂದ ಮೊದಲ ಒಂದು ಲಕ್ಷ ಈ ತಿಂಗಳೊಳಗೆ ಬೇಕಾಗಿದೆ. ಟ್ರಸ್ಟ್ ಹೆಸರಿನ ಚೆಕ್ಕನ್ನು ಕಾಲೇಜು ಕಚೇರಿಗೆ ತಲುಪಿಸಿ, ರಸೀದಿ ಪಡೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಟ್ರಸ್ಟಿಗಳು