ಮಾರಿದ್ದು ಜನರ ತರಂಗ, ದುಡ್ಡು ಎಲ್ಲಿ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಟಿ.ವಿ. ಕೇಂದ್ರಗಳು ತಮ್ಮ ತರಂಗಾಂತರವನ್ನು (ಪ್ರಸಾರಕ್ಕೆ ಬಳಸುವ ರೇಡಿಯೋ ತರಂಗದ ಪಾಲು) ಹರಾಜಿಗೆ ಬಿಟ್ಟು ದುಡ್ಡು ಮಾಡಿದ್ದು ತಪ್ಪಲ್ಲ. ಆದರೆ ಲಾಭಕ್ಕಲ್ಲದೆ ಜನರಿಗಾಗಿ ನಡೆಯುವ ಸಾರ್ವಜನಿಕ ಕೇಂದ್ರ ತನ್ನ ತರಂಗ ಮಾರಿದರೆ, ಆ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಸುದ್ದಿಗೇ ಹೋಗಬೇಕು.

2017ರಲ್ಲಿ ಮುಗಿದ ಹರಾಜಿನಲ್ಲಿ 175 ಕೇಂದ್ರಗಳಿಗೆ ಸುಮಾರು 1,000 ಕೋಟಿ ಡಾಲರ್ ಸಿಕ್ಕಿತು. ನಾವಿರುವ ನ್ಯೂಜೆರ್ಸಿ ರಾಜ್ಯ ಎರಡು ಸಾರ್ವಜನಿಕ ಕೇಂದ್ರಗಳ ತರಂಗ ಮಾರಿ ಪಡೆದದ್ದು ಸುಮಾರು 33 ಕೋಟಿ ಡಾಲರ್. ಮರುವರ್ಷ ಸ್ಥಳೀಯ ಸುದ್ದಿಗೆಂದು ತೆಗೆದಿಟ್ಟದ್ದು ಬರೀ 50 ಲಕ್ಷ ಡಾಲರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಅಲ್ವಾ?

ಈ ರಾಜ್ಯ ನ್ಯೂಯಾರ್ಕ್, ಫಿಲಡೆಲ್ಫಿಯಾ ನಡುವೆ ಸಿಕ್ಕಿಕೊಂಡಿದೆ. ಟಿ.ವಿ. ಹಾಕಿದರೆ ಆ ನಗರಗಳದ್ದೇ ಸುದ್ದಿ ಜಾಸ್ತಿ. ಪಕ್ಕದ ಮನೆಯ ಅಜ್ಜಿಗೆ ಕೇಬಲ್ ಇಲ್ಲ, ಕಿಟಕಿಗೆ ಅಂಟಿಸಿದ ಆಂಟೆನಾವೇ ಗತಿ. ಹರಾಜಿನ ನಂತರ ಚಾನೆಲ್‌ಗಳು ಬೇರೆ ತರಂಗಕ್ಕೆ ಜಾಗ ಬದಲಿಸಿದಾಗ, ಟಿ.ವಿ.ಯಲ್ಲಿ ಅವನ್ನು ಹುಡುಕಲು ಮತ್ತೆ ಸ್ಕ್ಯಾನ್ ಮಾಡಿಕೊಟ್ಟವನು ನಾನೇ. ಪಾಪ, ಅವರು ಕೇಳಿದ್ದು ಒಂದೇ ಮಾತು: ‘ನಮ್ಮೂರ ಸುದ್ದಿ ಯಾವುದರಲ್ಲಿ ಬರುತ್ತೆ?’ ನಾನು ಸುಮ್ನೆ ರಿಮೋಟ್ ಕೈಗೆ ಕೊಟ್ಟು ಬಂದೆ.

ಮುಂದೆ ಯಾವುದೇ ಸಾರ್ವಜನಿಕ ಕೇಂದ್ರ ತರಂಗ ಮಾರುವ ಮೊದಲೇ, ಬರುವ ಹಣದ ಕಾಲುಭಾಗವನ್ನಾದರೂ ಊರ ಸುದ್ದಿಗೆ ಮೀಸಲಿಡುವ ಕಾನೂನನ್ನು ಇಲ್ಲಿನ ರಾಜ್ಯಗಳು ತರಲಿ.

– ಒಬ್ಬ ಓದುಗ, ಎಡಿಸನ್, ನ್ಯೂಜೆರ್ಸಿ