ಗೆಳೆಯನಿಗೊಂದು ಪತ್ರ: ಕೈ ಎತ್ತುವ ಮುನ್ನ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರಿಸಲಿಲ್ಲ. “ಒಂದು ವಾರ್ಡಿನ ಗ್ರಾಮಸಭೆಗೆ ಯಾಕೆ ಇಷ್ಟು ಜೀವ ತೇಯುತ್ತೀಯಾ ಮಾರಾಯ?” ಎಂದಿದ್ದೆ. ಉತ್ತರ ಉದ್ದವಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಎಲ್ಲರೂ ಓದುವಂತೆ ಬರೆಯುವುದಕ್ಕೂ ಕಾರಣವಿದೆ. ನಿನ್ನ ಹಾಗೆ ಊರು ಬಿಟ್ಟವರು ಮಂಗಳೂರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿಯಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರ ಮನೆಯಲ್ಲಿಯೂ ಒಬ್ಬ ಅಜ್ಜಿಯೋ ದೊಡ್ಡಪ್ಪನೋ ಪಂಚಾಯತಿನ ಕಾಗದ ಹಿಡಿದು ಯಾರಾದರೂ ಓದಿ ಹೇಳಲಿ ಎಂದು ಕಾಯುತ್ತಿರುತ್ತಾರೆ. ಶಾಲೆಯ ಮೂರನೇ ಬೆಂಚಿನ ನಮ್ಮ ಒಪ್ಪಂದದಂತೆ ಕೆಲವು ಸಂಗತಿಗಳು ಇಲ್ಲಿ ಬರುವುದಿಲ್ಲ. ನೀನು ಧೈರ್ಯವಾಗಿರು.

ಮೊದಲು ವಿಷಯ ಹೇಳುತ್ತೇನೆ. ನಮ್ಮ ಕಾಸರಗೋಡು ಸೇರಿದ ಕೇರಳದಲ್ಲಿ ಪ್ರತಿಯೊಂದು ವಾರ್ಡಿಗೂ ಅದರದ್ದೇ ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು, ವಾರ್ಡಿನ ಮೆಂಬರೇ ಸಂಚಾಲಕರು, ಮತದಾರರಲ್ಲಿ ಹತ್ತಕ್ಕೊಬ್ಬರು ಬಾರದೆ ಕೋರಂ ಆಗುವುದಿಲ್ಲ. 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಜನರೇ ಯೋಜನೆ ರೂಪಿಸುವ ಕಾರ್ಯಕ್ರಮ, ಶುರುವಾದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪಂಚಾಯತುಗಳ, ನಗರಸಭೆಗಳ ಕೈಗೆ ಬಂತು. ಯಾರಿಗೆ ಮನೆ, ಯಾವ ಓಣಿಗೆ ಕಾಂಕ್ರೀಟು, ಯಾವ ಗುಡ್ಡಕ್ಕೆ ನೀರು ಎಂಬ ಪಟ್ಟಿಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ದೇಶದಲ್ಲಿ ಹಲವರು ಬಂದು ನೋಡಿ ಕಲಿತ ವ್ಯವಸ್ಥೆ ಇದು, ನನಗೆ ಅದರ ಬಗ್ಗೆ ನಿಜವಾದ ಹೆಮ್ಮೆ ಇದೆ. ಆ ಹೆಮ್ಮೆ ಇರುವುದರಿಂದಲೇ ಹೊಟ್ಟೆ ಉರಿಯುತ್ತದೆ. ಏಕೆಂದರೆ ನಮ್ಮ ವಾರ್ಡಿನಲ್ಲಿ ಸಭೆಯ ನೋಟೀಸು ಮಲಯಾಳದಲ್ಲಿ ಬರುತ್ತದೆ, ಕರಡು ಯೋಜನೆ ಮಲಯಾಳದಲ್ಲಿ ಇರುತ್ತದೆ, ನಡಾವಳಿ ಮಲಯಾಳದಲ್ಲಿ ಬರೆದಾಗುತ್ತದೆ. ಕೆಳಗೆ ಸಹಿ ಹಾಕುವವರು ಮಾತ್ರ ಕನ್ನಡದಲ್ಲಿ ಹಾಕುತ್ತಾರೆ.

ನಮ್ಮ ಮನೆಗಳಲ್ಲಿ ಆಡುವ ಮಾತು ಒಂದೇ ಅಲ್ಲ ಎಂಬುದು ನಿನಗೆ ಗೊತ್ತು. ಕೆಳಗಿನ ಮನೆಯಲ್ಲಿ ತುಳು, ರಸ್ತೆಯಾಚೆ ಬ್ಯಾರಿ, ಗುಡ್ಡದ ಮೇಲೆ ಮರಾಠಿ, ನಿನ್ನ ಮನೆಯಲ್ಲಿ ಹವ್ಯಕ. ಆದರೆ ಐವತ್ತು ದಾಟಿದ ಇವರೆಲ್ಲರೂ ಓದುವುದಾದರೆ ಓದುವುದು ಕನ್ನಡವನ್ನೇ, ಏಕೆಂದರೆ ಎಲ್ಲರೂ ಒಂದೇ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದವರು. ಪಂಚಾಯತಿನ ಕಾಗದ ಇವರ ಕೈಗೆ ಬಂದರೆ ಮುದ್ರೆಯನ್ನು ಗುರುತಿಸುತ್ತಾರೆ, ತಾರೀಕನ್ನು ಓದುತ್ತಾರೆ. ಉಳಿದದ್ದಕ್ಕೆ ನಮ್ಮ ಚಾವಡಿಗೆ ಬರುತ್ತಾರೆ. ಕಾಸರಗೋಡಿನ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಬಸ್ಸಿನ ಬೋರ್ಡು ನೋಡಿ ನೋಡಿ ನಾನು ಕಲಿತ ಮಲಯಾಳ ಈಗ ಊರಿನ ಸೊತ್ತಾಗಿದೆ.

ಕಾನೂನು ಇಲ್ಲವೆಂದು ಹೀಗಾದದ್ದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ತಮಿಳರಿಗೂ ಹೀಗೆಯೇ. ಸಂವಿಧಾನದ 350ನೇ ವಿಧಿ ಇನ್ನೂ ಹಿಂದಿನದು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎನ್ನುತ್ತದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂದದ್ದು, ಅದು ಹಾಗೆಯೇ ಉಳಿದದ್ದು, ಇದನ್ನೆಲ್ಲ ನಾವು ಹುಟ್ಟಿದಂದಿನಿಂದ ಕೇಳಿದ್ದೇವೆ. ಗಡಿ ಎಲ್ಲಿರಬೇಕೆಂಬ ಆ ದೊಡ್ಡ ಮಾತಿನ ಭರಾಟೆಯಲ್ಲಿ, ಈ ನೋಟೀಸಿನಲ್ಲಿ ಏನು ಬರೆದಿದೆ ಎಂಬ ಸಣ್ಣ ಪ್ರಶ್ನೆ ಎಷ್ಟೋ ವರ್ಷ ಯಾರ ಕಿವಿಗೂ ಬೀಳಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಜ್ಜಿಗೆ ಬೇಕಾದದ್ದು ಆ ಸಣ್ಣ ಪ್ರಶ್ನೆಯ ಉತ್ತರ.

ಈಗ ನೀರಿನ ಕಥೆಗೆ ಬರುತ್ತೇನೆ. 2025ರ ಡಿಸೆಂಬರ್ 11ರಂದು ಇಲ್ಲಿ ಪಂಚಾಯತ್ ಚುನಾವಣೆಯ ಮತದಾನ ನಡೆಯಿತಲ್ಲ, ಅದಕ್ಕೆ ಮುಂಚೆ ವಾರ್ಡುಗಳನ್ನು ಮರುವಿಂಗಡಿಸಿದರು. ನಮ್ಮ ತೋಡೇ, ಆ ಸಣ್ಣ ಹಳ್ಳವೇ, ಈಗ ಗಡಿ. ಈಚೆ ದಡ ಒಂದು ವಾರ್ಡು, ಆಚೆ ದಡ ಇನ್ನೊಂದು. ನಾವು ಬಿದ್ದು ಎದ್ದ ಆ ಕಟ್ಟ ಇದೆಯಲ್ಲ, ಅದರ ಅರ್ಧ ನಮ್ಮ ಗ್ರಾಮಸಭೆಗೆ, ಅರ್ಧ ಅವರ ಗ್ರಾಮಸಭೆಗೆ ಸೇರಿದೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ, ಕೇರಳದ 44 ಹೊಳೆಗಳಲ್ಲಿ 12 ನಮ್ಮ ಒಂದೇ ಜಿಲ್ಲೆಯಲ್ಲಿ ಹರಿಯುತ್ತವೆ, ಆದರೂ ಮಾರ್ಚಿನಲ್ಲಿ ಅಡಿಕೆ ತೋಟ ಬಾಯಾರುತ್ತದೆ. ಮುರಕಲ್ಲಿನ ಗುಡ್ಡ, ಇಳಿಜಾರು, ನೀರು ನಿಲ್ಲುವುದಿಲ್ಲ. ಹಿರಿಯರು ಅದಕ್ಕೆ ಎರಡು ದಾರಿ ಕಂಡುಕೊಂಡಿದ್ದರು: ಮಳೆ ಮುಗಿದು ಹರಿವು ಇಳಿದ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿದ ನೀರಿನ ಸುರಂಗ. ಕಟ್ಟ ಕಟ್ಟಿದರೆ ತೋಡಿನಲ್ಲಿ ನೀರು ತಿಂಗಳುಗಟ್ಟಲೆ ನಿಂತು ಅಕ್ಕಪಕ್ಕದ ಬಾವಿಗಳಿಗೆ ಇಳಿಯುತ್ತದೆ. ಸುರಂಗದ ನೀರಿಗೆ ಪಂಪೂ ಬೇಡ, ಕರೆಂಟೂ ಬೇಡ, ತಾನಾಗಿ ಹರಿದು ಅಂಗಳದ ಕೆರೆಗೆ ಬೀಳುತ್ತದೆ. ಮೇಲಿನ ಮನೆಯ ಅಜ್ಜಿಯ ಸುರಂಗದ ನೀರು ಕುಡಿದೇ ನೀನೂ ನಾನೂ ಬೆಳೆದದ್ದು.

ಚುನಾವಣೆಯ ನಂತರದ ಯೋಜನಾ ಗ್ರಾಮಸಭೆಗೆ ಜ್ವರದಿಂದ ನಾನು ಹೋಗಿರಲಿಲ್ಲ. ಅಂಗನವಾಡಿಯಲ್ಲಿ ಸಭೆ. ಎಂದಿನಂತೆ ಬಂದವರಲ್ಲಿ ಹೆಚ್ಚಿನವರು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು, ಉದ್ಯೋಗ ಖಾತರಿಯ ಕೆಲಸ ಮುಗಿಸಿ ಬಂದವರು. ಯೋಜನೆಗಳ ಪಟ್ಟಿಯನ್ನು ಓದಿದರು, ಒಪ್ಪಿಗೆಯೇ ಎಂದು ಕೇಳಿದರು, ಎಲ್ಲರೂ ಕೈ ಎತ್ತಿದರು. ಮರುದಿನ ಅಜ್ಜಿ ಕೋಲೂರಿಕೊಂಡು ನಮ್ಮ ಮನೆಗೆ ಬಂದು ಆ ಕಾಗದವನ್ನು ನನ್ನ ಮುಂದಿಟ್ಟು, “ನಿನ್ನೆ ನಾವು ಯಾವುದಕ್ಕೆ ಕೈ ಎತ್ತಿದೆವು, ಓದಿ ಹೇಳು ಮಗಾ” ಎಂದರು. ಓದಿದೆ. ಗುಡ್ಡದ ತುದಿಯಲ್ಲಿ ಒಂದು ಕೊಳವೆಬಾವಿ. ಅಜ್ಜಿಯ ಸುರಂಗದ ನೇರ ಮೇಲೆ.

ಮೇಲೆ ಬೋರು ಕೊರೆದ ಮೇಲೆ ಕೆಳಗಿನ ಸುರಂಗ ಬತ್ತಿತು ಎಂದು ಹೇಳುವ ಮನೆಗಳು ನಮ್ಮ ಸುತ್ತ ಎಷ್ಟಿವೆ ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ಅಜ್ಜಿ ಏನೂ ಮಾತಾಡಲಿಲ್ಲ. ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ನನಗೆ ಬಂದ ಸಿಟ್ಟು ಕೊಳವೆಬಾವಿಯ ಮೇಲಿನದಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಗುಡ್ಡದ ಮೇಲಿನ ಕಾಲೊನಿಯವರಿಗೆ ಬೇಸಗೆಯಲ್ಲಿ ಟ್ಯಾಂಕರೇ ಗತಿ. ಹೆಂಗಸರು ಕೊಡ ಸಾಲಿಟ್ಟು ಕಾಯುವುದನ್ನು ನಾನೇ ನೋಡಿದ್ದೇನೆ. ಅವರಿಗೆ ನೀರು ಬೇಕು, ಅದಕ್ಕೆ ಎರಡು ಮಾತಿಲ್ಲ. ಸಿಟ್ಟು ಬಂದದ್ದು, ತನ್ನ ಸುರಂಗಕ್ಕೆ ಅಪಾಯ ತರುವ ಒಂದು ತೀರ್ಮಾನಕ್ಕೆ ಆ ಹೆಂಗಸು ತಾನೇ ಕೈ ಎತ್ತಿ ಬರುವಂತಾಯಿತಲ್ಲ, ಅದಕ್ಕೆ. ತಿಳಿದು ಒಪ್ಪಿದ್ದರೆ ನಾನು ತಲೆಬಾಗುತ್ತಿದ್ದೆ.

ಇದರಲ್ಲಿ ದುಷ್ಟರು ಯಾರೂ ಇಲ್ಲ. ಮೆಂಬರು ನಮ್ಮವರೇ, ಸಮಯವಿದ್ದರೆ ತುಳುವಿನಲ್ಲಿ ಹೇಳುತ್ತಾರೆ, ಇಲ್ಲದಿದ್ದರೆ ಓದಿ ಮುಗಿಸುತ್ತಾರೆ. ಕಚೇರಿಗೆ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಹುಡುಗಿಯೊಬ್ಬಳು ಕನ್ನಡದ ಹೆಸರುಗಳನ್ನು ತಪ್ಪಿಲ್ಲದೆ ಬರೆಯಲು ಕಲಿತಿದ್ದಾಳೆ, ನನ್ನಿಂದ ಒಂದು ಹಳೆಯ ಒಂದನೇ ತರಗತಿಯ ಪುಸ್ತಕವನ್ನೂ ಕೇಳಿ ತೆಗೆದುಕೊಂಡಳು. ಅವಳಿಗೆ ವರ್ಗವಾಗುವಷ್ಟರಲ್ಲಿ ಓದಲು ಬಂದೀತು. ಆಮೇಲೆ ಬರುವವರು ಮತ್ತೆ ಮೊದಲಿನಿಂದ ಕಲಿಯಬೇಕು. ಒಳ್ಳೆಯ ಮನಸ್ಸಿನ ಮೇಲೆ ಮಾತ್ರ ನಿಂತ ವ್ಯವಸ್ಥೆಯ ಪಾಡು ಹೀಗೆಯೇ. ಕನ್ನಡ ಬಲ್ಲ ಒಬ್ಬ ಸಿಬ್ಬಂದಿ, ಎರಡೂ ಭಾಷೆಯಲ್ಲಿ ಒಂದು ನೋಟೀಸು: ಬೇಕಾದದ್ದು ಇಷ್ಟೇ.

ಮುಂದಿನ ಗ್ರಾಮಸಭೆಗೆ ಹೋದೆ. ಇಡೀ ವಾರ ಮನೆಮನೆಗೆ ಹೋಗಿ ಹೇಳಿದ್ದರಿಂದ ಅಂಗನವಾಡಿ ತುಂಬಿತ್ತು. ಅಂದ ಹಾಗೆ, ನಿನ್ನ ಹೆಸರು ಇನ್ನೂ ನಮ್ಮ ಮತದಾರರ ಪಟ್ಟಿಯಲ್ಲಿದೆ. ಕೋರಂ ಲೆಕ್ಕ ಹಾಕುವಾಗ ನೀನೂ ಇದ್ದೀಯಾ, ಸಭೆಯಲ್ಲಿ ಮಾತ್ರ ಇಲ್ಲ. ಕೊಳವೆಬಾವಿಯ ವಿಷಯ ಬಂತು. ನಾನು ಎದ್ದು ನಿಂತು ತುಳುವಿನಲ್ಲಿ ಎರಡು ಕಡೆಯ ಮಾತನ್ನೂ ಹೇಳಿದೆ. ಸುರಂಗಕ್ಕೆ ಏನಾಗಬಹುದು, ಕಾಲೊನಿಯ ಕಷ್ಟ ಏನು, ಕಟ್ಟವನ್ನು ಪಂಚಾಯತಿನ ಹಣದಲ್ಲಿ ಗಟ್ಟಿ ಮಾಡಿ ಅಲ್ಲಿಂದ ಮೇಲಕ್ಕೆ ನೀರು ಏರಿಸಬಹುದೇ ಎಂಬುದು. ನನ್ನ ಅಭಿಪ್ರಾಯವನ್ನು ಬೆರೆಸದೆ ಹೇಳಲು ಎಷ್ಟು ಕಷ್ಟಪಟ್ಟೆನೆಂದು ನನಗೇ ಗೊತ್ತು. ಮೆಂಬರು ಕೇಳಿದರು: “ಕೊಳವೆಬಾವಿಗೆ ಒಪ್ಪಿಗೆ ಇರುವವರು ಕೈ ಎತ್ತಿ.”

ಯಾರೂ ಕೈ ಎತ್ತಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಅಜ್ಜಿ, ಕೆಳಗಿನ ಮನೆಯ ಅಕ್ಕ, ರಸ್ತೆಯಾಚೆಯ ಬ್ಯಾರಿ ಕಾಕ, ಕಾಲೊನಿಯ ಇಬ್ಬರು ಹುಡುಗರು ಕೂಡ. ನಾನು ಎತ್ತಿದರೆ ಎತ್ತುತ್ತಿದ್ದರು. ಎತ್ತದಿದ್ದರೆ ಇಲ್ಲ. ಮಾರಾಯ, ಆ ಹೊತ್ತಿನಲ್ಲಿ ನನಗೆ ಮೈ ಜುಮ್ಮೆಂದಿತು. ಹಿಂದಿನ ಸಭೆಯಲ್ಲಿ ಅವರು ತಿಳಿಯದ ಕಾಗದಕ್ಕೆ ಕೈ ಎತ್ತಿದ್ದರು, ಈಗ ನನ್ನ ಮುಖವನ್ನು ಓದಿ ಕೈ ಎತ್ತಲು ಹೊರಟಿದ್ದರು. ಯಾವ ತೀರ್ಮಾನ ಅವರಿಗೆ ನನ್ನ ಬಾಯಿಯಿಂದ ಮಾತ್ರ ತಲುಪುತ್ತದೆಯೋ ಅದು ಕೊನೆಗೆ ನನ್ನ ತೀರ್ಮಾನವೇ ಆಗಿಬಿಡುತ್ತದೆ. ನನ್ನನ್ನು ಯಾರೂ ಆರಿಸಿಲ್ಲ. ನಾನು ಬದಲಾಯಿಸಿ ಹೇಳಿದರೆ ಹಿಡಿಯುವವರೂ ಇಲ್ಲ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ನಿನಗೆ ಹೇಳದೆ ಇನ್ನಾರಿಗೆ ಹೇಳಲಿ? ಆ ನೋಟಗಳು ನನಗೆ ಹಿತವಾಗಿದ್ದವು. ಹೆದರಿಕೆ ಆಮೇಲೆ ಬಂದದ್ದು, ಮೊದಲು ಬಂದದ್ದು ಹಿತ. ಅಪ್ಪ ತೀರಿಕೊಂಡ ಮೇಲೆ, ನೀನೂ ಹೋದ ಮೇಲೆ, ಸಂಜೆ ನಮ್ಮ ಚಾವಡಿಯಲ್ಲಿ ಜನ ಕೂರುವುದು ಈ ಕಾಗದಗಳ ದೆಸೆಯಿಂದ. ತೆರಿಗೆ ರಶೀದಿ, ಪಿಂಚಣಿಯ ಪತ್ರ, ಆಸ್ಪತ್ರೆಯ ಚೀಟಿ. ಓದಿಸಿಕೊಂಡ ಮೇಲೆ ಚಹಾ ಕುಡಿದು, ಮಗಳ ಮದುವೆಯ ಮಾತು ಆಡಿ ಹೋಗುತ್ತಾರೆ. ನಾಳೆ ಎಲ್ಲವೂ ಕನ್ನಡದಲ್ಲಿಯೇ ಬಂದರೆ ಇವರೆಲ್ಲ ಬರುತ್ತಾರೆಯೇ ಎಂದು ಒಂದು ರಾತ್ರಿ ಯೋಚಿಸಿದೆ, ನಿದ್ದೆ ಬರಲಿಲ್ಲ. ಯಾವುದಕ್ಕಾಗಿ ಹೋರಾಡುತ್ತೇನೋ ಅದು ಸಿಕ್ಕಿದ ದಿನ ನನ್ನ ಚಾವಡಿ ಬರಿದಾಗಬಹುದು. ಆದರೂ ಅದು ಸಿಗಬೇಕು. ಈ ಎರಡು ಮಾತುಗಳನ್ನು ಒಟ್ಟಿಗೆ ಹೊತ್ತುಕೊಂಡು ತಿರುಗುತ್ತಿದ್ದೇನೆ. ಇದು ಹೆಂಡತಿಗೂ ಗೊತ್ತಿಲ್ಲ. ಈಗ ಊರಿಗೆಲ್ಲ ಗೊತ್ತಾಯಿತು, ಇರಲಿ.

ಸಭೆಯಲ್ಲಿ ನಾನು ಕೈ ಕಟ್ಟಿಕೊಂಡು ಕೂತೆ. ಕಾಲೊನಿಯ ಹುಡುಗನಿಗೆ, ನಿನ್ನ ಮನೆಯ ನೀರಿನ ಮಾತನ್ನು ನೀನೇ ಹೇಳು ಎಂದೆ. ಹೇಳಿದ. ಆಮೇಲೆ ಅಜ್ಜಿ ಎದ್ದರು. ಸುರಂಗವನ್ನು ತನ್ನ ಮಾವ ತೋಡಿಸಿದ ಬಗೆ, ತೋಡಿದ ಒಂದೊಂದು ಕೋಲು ಉದ್ದಕ್ಕೂ ಕೂಲಿಯಾಗಿ ಕೊಟ್ಟ ಅಕ್ಕಿ, ಎಲ್ಲವನ್ನೂ ಹೇಳಿ, “ಅವರಿಗೂ ನೀರು ಬೇಕು, ನನಗೂ ಬೇಕು, ಗುಡ್ಡ ಒಂದೇ” ಎಂದರು. ಮೆಂಬರು ಗಡಿಯಾರ ನೋಡಲಿಲ್ಲ. ಕೊನೆಗೆ ಆಚೆ ದಡದ ವಾರ್ಡಿನವರನ್ನೂ ಕೂರಿಸಿ ಕಟ್ಟದ ಜಾಗವನ್ನು ನೋಡುವುದು, ಭೂಜಲ ಇಲಾಖೆಯವರಿಂದ ಗುಡ್ಡವನ್ನು ಪರೀಕ್ಷಿಸಿದ ಮೇಲೆ ಮಾತ್ರ ಬೋರಿನ ಮಾತು ಎಂದಾಯಿತು. ನಡಾವಳಿಯನ್ನು ಕನ್ನಡದಲ್ಲಿಯೂ ಬರೆಯಬೇಕೆಂದು ಕೇಳಿದೆವು. ಕಚೇರಿಯ ಆ ಹುಡುಗಿ ನನ್ನ ಕಡೆಗೆ ಪೆನ್ನು ಚಾಚಿದಳು. ನಾನು ಅದನ್ನು ಕೆಳಗಿನ ಮನೆಯ ಅಕ್ಕನ ಮಗಳಿಗೆ ಕೊಟ್ಟೆ. ಎರಡೂ ಲಿಪಿ ಬಲ್ಲವಳು, ಹತ್ತೊಂಬತ್ತರ ಹುಡುಗಿ, ನನಗಿಂತ ಚೆಂದ ಬರೆದಳು.

ಭಾರವಾದ ಮಾತು ಸಾಕು. ನಿನ್ನ ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾರೆ, ಮಳೆಗೆ ಮೆತ್ತಗಾಗುವ ಮೊದಲು ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಅರ್ಧ ದಾರಿಯಲ್ಲಿ ಕಡಿಮೆಯಾದರೆ ಮಂಜೇಶ್ವರ ಸ್ಟೇಷನ್ನಿನ ಪ್ರಕರಣವನ್ನು ನೆನೆದು ಸುಮ್ಮನಿರು. ಕೊಡೆ ಮಾಸ್ಟರರು ಚೆನ್ನಾಗಿದ್ದಾರೆ, ಸಿಕ್ಕಾಗಲೆಲ್ಲ ನಿನ್ನನ್ನೇ ಮೊದಲು ಕೇಳುತ್ತಾರೆ, ಅದು ಯಾವತ್ತೂ ನನಗೆ ಸಹಿಸುವುದಿಲ್ಲ. 1969ರ ಕಾಯ್ದೆಯನ್ನು ಹೆಸರಿಸಿ ಪಂಚಾಯತಿಗೆ ಕೊಡುವ ಮನವಿಯ ಕರಡನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಕನ್ನಡದಲ್ಲಿಯೇ ಇದೆ. ತಿದ್ದಿ ಕಳಿಸು. ಕಾಗುಣಿತದಲ್ಲಿ ನೀನೇ ಮುಂದಿದ್ದವನು, ಅದನ್ನು ನಾನು ಆಗಲೂ ಒಪ್ಪಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ. ಶನಿವಾರದೊಳಗೆ ಬಂದರೆ ಭಾನುವಾರ ಸಹಿ ಶುರು ಮಾಡುತ್ತೇವೆ. ಮೊದಲ ಸಹಿ ಅಜ್ಜಿಯದ್ದು ಎಂದು ಅವರೇ ಹೇಳಿದ್ದಾರೆ, ಎರಡನೆಯದಕ್ಕೆ ಕಾಲೊನಿಯ ಹುಡುಗ ಮತ್ತು ಬ್ಯಾರಿ ಕಾಕನ ನಡುವೆ ಈಗಾಗಲೇ ಚರ್ಚೆ ನಡೆಯುತ್ತಿದೆ.

ನಿನ್ನ,
ಮೂರನೇ ಬೆಂಚಿನವನು